ಹೊಳೆಗೆ ಹೋದ ಮಣ್ಣಿನ ಲೆಕ್ಕ

ಹೋದ ವರ್ಷ ಮೇ ತಿಂಗಳಲ್ಲಿ ಅಣ್ಣ ಫೋನ್ ಮಾಡಿದ. ನಾನು ಬೆಳಗಿನ ಸ್ಟ್ಯಾಂಡ್‌ಅಪ್ ಮೀಟಿಂಗ್‌ನಲ್ಲಿದ್ದೆ. ಅವನು ಆ ಹೊತ್ತಿಗೆ ಫೋನ್ ಮಾಡುವವನಲ್ಲ. ಏನೋ ಆಗಿರಬೇಕು ಅಂತ ಮ್ಯೂಟ್ ಒತ್ತಿ ಎತ್ತಿದೆ.

"ತಮ್ಮಾ, ಹಳ್ಳದ ಹೊಲದಾಗ ನಡುವ ಒಂದು ಒಡ್ಡು ಐತೆಲ್ಲ, ಅದನ್ನ ಕೆಡವಿಬಿಡೂಣು ಅಂತ ಮಾಡೇನಿ. ಜೆಸಿಬಿ ಊರಾಗ ಬಂದೈತಿ. ಎರಡು ತಾಸಿನ ಕೆಲಸ. ನೀ ಏನಂತಿ?"

ನಮ್ಮದು ಹಾವೇರಿ ಜಿಲ್ಲೆ, ರಾಣೆಬೆನ್ನೂರಿನ ಕಡೆ. ಹಳ್ಳದ ಹೊಲ ಅಂದರೆ ನಾಲ್ಕೆಕರೆ ಎರೆ ಭೂಮಿ. ದಾರಿಯ ಕಡೆಯಿಂದ ಹಳ್ಳದ ಕಡೆಗೆ ನೋಡಿದರೂ ಗೊತ್ತಾಗದಷ್ಟು ಇಳಿಜಾರು. ಹಳ್ಳ ಹೋಗಿ ಸೇರುವುದು ತುಂಗಭದ್ರೆಗೆ. ಆ ಒಡ್ಡನ್ನು ಹಾಕಿಸಿದ್ದು ನಮ್ಮ ಅಜ್ಜನ ಕಾಲದಲ್ಲಿ. ಅಣ್ಣನ ದೂರು ಸುಳ್ಳಲ್ಲ. ಒಡ್ಡು ಇರೋದ್ರಿಂದ ಟ್ರ್ಯಾಕ್ಟರ್ ಎರಡು ಸಲ ತಿರುಗಬೇಕು. ಒಡ್ಡಿನ ಮೇಲೆ ಕರಕಿ, ಒಳಗೆ ಇಲಿ. ಎಲ್ಲಕ್ಕಿಂತ ಹೆಚ್ಚಾಗಿ, ಜೋರು ಮಳೆಯಾದ ವರ್ಷ ಒಡ್ಡಿನ ಮೇಲ್ಗಡೆ ನೀರು ನಿಂತು ಗೋವಿನಜೋಳ ಹಳದಿ ಬೀಳುತ್ತೆ.

"ನೀ ಇಂಜಿನಿಯರ್ ಅದಿ, ವಿಚಾರ ಮಾಡಿ ಹೇಳು" ಅಂದ. ಬಿಇ ಓದಿದವನಿಗೆ ಎಲ್ಲಾ ಗೊತ್ತಿರುತ್ತೆ ಅನ್ನೋದು ನಮ್ಮೂರಿನ ನಂಬಿಕೆ. ಬೋರ್‌ವೆಲ್ ಮೋಟರ್‌ನಿಂದ ಹಿಡಿದು ಚಿಕ್ಕಪ್ಪನ ಸಕ್ಕರೆ ಕಾಯಿಲೆ ಮಾತ್ರೆವರೆಗೆ ನನ್ನನ್ನೇ ಕೇಳ್ತಾರೆ. ನಾನು ಬರೆಯೋದು ಪೇಮೆಂಟ್ ಆ್ಯಪ್‌ನ ಬ್ಯಾಕೆಂಡ್ ಕೋಡ್. ಆದರೂ ಎರಡು ದಿನ ಟೈಮ್ ಕೊಡು ಅಂದೆ. ಒಡ್ಡು ಕೆಡವಿದರೆ ಎಷ್ಟು ಮಣ್ಣು ಹೋಗುತ್ತೆ ಅಂತ ಯಾರಾದರೂ ಲೆಕ್ಕ ಹಾಕಿರಲೇಬೇಕಲ್ಲ? ಹಾಕಿದ್ದಾರೆ. ಆ ಲೆಕ್ಕದ ಹಿಂದೆ ನೂರು ವರ್ಷದ ಕಥೆ ಇದೆ. ಎರಡು ದಿನ ಅಂದವನು ಎರಡು ವಾರ ಅದರಲ್ಲೇ ಮುಳುಗಿದ್ದೆ.

ಮಳೆ, ಇಳಿಜಾರು, ಬೆಳೆ ಇವು ಮಣ್ಣಿನ ಸವಕಳಿಯನ್ನು ಹೇಗೆ ಬದಲಿಸುತ್ತವೆ ಅಂತ ಸಣ್ಣ ಸಣ್ಣ ತುಂಡು ನೆಲದಲ್ಲಿ ಮೊದಲು ಅಳೆದು ನೋಡಿದವನು ಜರ್ಮನಿಯ ಎವಾಲ್ಡ್ ವೋಲ್ನಿ, 19ನೇ ಶತಮಾನದ ಕೊನೆಯಲ್ಲಿ. ಆದರೆ ಅದು ಹೊಲದ ಲೆಕ್ಕ ಆಗಿದ್ದು ಅಮೆರಿಕದಲ್ಲಿ. 1917ರಲ್ಲಿ ಮಿಸೌರಿ ವಿಶ್ವವಿದ್ಯಾಲಯದ ಮಿಲ್ಲರ್ ಎಂಬ ಪ್ರೊಫೆಸರ್, ಇಳಿಜಾರಿನ ನೆಲದಲ್ಲಿ ಉದ್ದುದ್ದ ಪಟ್ಟಿಗಳನ್ನು ಮಾಡಿ, ಸುತ್ತ ಅಂಚು ಕಟ್ಟಿ, ಕೆಳಗಡೆ ಒಂದೊಂದು ತೊಟ್ಟಿ ಇಟ್ಟರು. ಮಳೆ ಬಂದಾಗ ಪಟ್ಟಿಯ ಮೇಲಿಂದ ಹರಿದ ನೀರು, ಮಣ್ಣು ಎಲ್ಲಾ ತೊಟ್ಟಿಗೆ ಬರಬೇಕು. ಅದನ್ನು ಒಣಗಿಸಿ ತೂಗಬೇಕು. ಅಷ್ಟೇ. ಇದಕ್ಕಿಂತ ಸರಳ ಪ್ರಯೋಗ ಇನ್ನೊಂದಿಲ್ಲ, ಇದಕ್ಕಿಂತ ಬೇಸರದ್ದೂ ಇಲ್ಲ. ಪ್ರತಿ ಮಳೆಗೂ ಹೋಗಿ ಕೆಸರು ತೂಗೋದು! ಹದಿನಾಲ್ಕು ವರ್ಷದ ಸರಾಸರಿ ತೆಗೆದಾಗ, ವರ್ಷವೂ ಮೆಕ್ಕೆಜೋಳವನ್ನೇ ಬೆಳೆದ ಪಟ್ಟಿಯಿಂದ ಎಕರೆಗೆ ವರ್ಷಕ್ಕೆ ಸುಮಾರು 20 ಟನ್ ಮಣ್ಣು ಹೋಗಿತ್ತು. ಹುಲ್ಲು ಬೆಳೆದಿದ್ದ ಪಟ್ಟಿಯಿಂದ ಅರ್ಧ ಟನ್ನೂ ಇಲ್ಲ. ಅದೇ ಮಣ್ಣು, ಅದೇ ಇಳಿಜಾರು, ಅದೇ ಮಳೆ.

ಇದನ್ನು ಸರ್ಕಾರದ ತಲೆಗೆ ತುಂಬಿದವನು ಹ್ಯೂ ಹ್ಯಾಮಂಡ್ ಬೆನೆಟ್. ಮಣ್ಣಿನ ಸರ್ವೇ ಮಾಡುವ ಕೆಲಸದವನು. 1905ರಲ್ಲಿ ವರ್ಜೀನಿಯಾದ ಒಂದು ಕೌಂಟಿಯಲ್ಲಿ ಇಳುವರಿ ಯಾಕೆ ಕಡಿಮೆಯಾಗ್ತಿದೆ ನೋಡಿ ಬಾ ಅಂತ ಕಳಿಸಿದಾಗ ಅವನಿಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಕಾಡಿನ ಕೆಳಗಿನ ಮಣ್ಣು ಕೈಯಲ್ಲಿ ಹಿಡಿದರೆ ಉದುರುವಷ್ಟು ಮೃದು. ಪಕ್ಕದಲ್ಲೇ ಇದ್ದ ಹೊಲದ ಮಣ್ಣು ಗಟ್ಟಿ ಜೇಡಿ. ಎರಡೂ ಒಂದು ಕಾಲಕ್ಕೆ ಒಂದೇ ನೆಲ. ಹೊಲದ ಮೇಲಿನ ಪದರ ಯಾರಿಗೂ ಗೊತ್ತಾಗದಂತೆ ಹಾಳೆ ಹಾಳೆಯಾಗಿ ಕಿತ್ತು ಹೋಗಿತ್ತು. ಕೊರಕಲು ಬಿದ್ದರೆ ರೈತನಿಗೆ ಕಾಣುತ್ತೆ, ಬೈದುಕೊಂಡು ಕಲ್ಲು ತುಂಬ್ತಾನೆ. ಹಾಳೆಯ ಹಾಗೆ ಹೋದರೆ ಕಾಣೋದೇ ಇಲ್ಲ.

1928ರಲ್ಲಿ ಬೆನೆಟ್ ಮಣ್ಣಿನ ಸವಕಳಿ ದೇಶಕ್ಕೇ ಗಂಡಾಂತರ ಅಂತ ಒಂದು ಸರ್ಕಾರಿ ಪುಸ್ತಿಕೆ ಬರೆದ. ಅದರ ಬೆನ್ನಿಗೆ ಸಂಸತ್ತು ದುಡ್ಡು ಕೊಟ್ಟು, ದೇಶದ ಬೇರೆ ಬೇರೆ ಕಡೆ ಹತ್ತು ಪ್ರಯೋಗ ಕೇಂದ್ರಗಳು ಶುರುವಾದವು. ಎಲ್ಲಾ ಕಡೆ ಮಿಲ್ಲರ್ ಮಾಡಿದಂಥದ್ದೇ ಪಟ್ಟಿ, ತೊಟ್ಟಿ, ತಕ್ಕಡಿ. ಆಮೇಲೆ ಬಂತು 1930ರ ದಶಕದ ಬರ ಮತ್ತು ಧೂಳು. 1935ರ ವಸಂತದಲ್ಲಿ ಬೆನೆಟ್ ವಾಷಿಂಗ್ಟನ್‌ನಲ್ಲಿ ಸೆನೆಟ್ ಸಮಿತಿಯ ಮುಂದೆ ಮಾತಾಡ್ತಿದ್ದನಂತೆ. ಪಶ್ಚಿಮದಿಂದ ಧೂಳಿನ ಮೋಡ ಹೊರಟಿದೆ ಅಂತ ಅವನಿಗೆ ಮೊದಲೇ ಸುದ್ದಿ ಇತ್ತು. ಅದು ಬರುವವರೆಗೂ ಅಂಕಿ ಅಂಶ ಓದುತ್ತಾ ಭಾಷಣ ಎಳೆದ, ಕಿಟಕಿ ಹೊರಗೆ ಆಕಾಶ ಕಪ್ಪಾದಾಗ ಕೈ ತೋರಿಸಿದ ಅಂತ ಕಥೆ. ಹೇಳಿ ಹೇಳಿ ಕಥೆ ಸ್ವಲ್ಪ ಉಬ್ಬಿರಬಹುದು. ಆದರೆ ಏಪ್ರಿಲ್ 27ಕ್ಕೆ ಮಣ್ಣು ಸಂರಕ್ಷಣೆಯ ಕಾಯ್ದೆಗೆ ಸಹಿ ಬಿದ್ದಿದ್ದು, ಆ ಇಲಾಖೆಗೆ ಬೆನೆಟ್ಟೇ ಮುಖ್ಯಸ್ಥನಾಗಿದ್ದು ನಿಜ. ಡೆಮೊ ಟೈಮಿಂಗ್ ಅಂದರೆ ಅದು.

ಇಲ್ಲಿವರೆಗೆ ಎಲ್ಲರೂ ಹರಿಯುವ ನೀರೇ ಮಣ್ಣನ್ನು ಕೊಚ್ಚುತ್ತೆ ಅಂತ ಅಂದುಕೊಂಡಿದ್ದರು. ನಾವೂ ಹಾಗೇ ಅಂದುಕೊಂಡಿರೋದು. 1940ರ ದಶಕದಲ್ಲಿ ಎಲಿಸನ್ ಎಂಬುವರು ಮಳೆಹನಿಯನ್ನೇ ಹಿಡಿದು ನೋಡಿದರು. ದೊಡ್ಡ ಹನಿ ನೆಲಕ್ಕೆ ಬೀಳುವಾಗ ಅದರ ವೇಗ ಸೆಕೆಂಡಿಗೆ ಸುಮಾರು 9 ಮೀಟರ್. ಬೆತ್ತಲೆ ಮಣ್ಣಿನ ಮೇಲೆ ಬಿದ್ದರೆ ಹೆಂಟೆ ಒಡೆದು, ಕಣ ಸಿಡಿದು, ಸುತ್ತ ಹಾರುತ್ತೆ. ಹೆಂಟೆಯಿಂದ ಮಣ್ಣನ್ನು ಬಿಡಿಸೋದು ಹೆಚ್ಚಾಗಿ ಹನಿಯ ಕೆಲಸ, ಹೊತ್ತುಕೊಂಡು ಹೋಗೋದು ನೀರಿನ ಕೆಲಸ. ಮನೆಯ ಮಣ್ಣಿನ ಗೋಡೆಯ ಕೆಳಭಾಗಕ್ಕೆ ಮಳೆಗಾಲದಲ್ಲಿ ಕೆಸರಿನ ಚುಕ್ಕಿ ಬಿದ್ದಿರ್ತಿತ್ತಲ್ಲ, ಅವ್ವ ಮಳೆಗಾಲ ಮುಗಿದ ಮೇಲೆ ಮತ್ತೆ ಸಾರಿಸೋಳು. ಅದೇ ಇದು.

ಹಾಗಾದರೆ ಹನಿ ಎಷ್ಟು ದಪ್ಪ ಅಂತ ಗೊತ್ತಾಗಬೇಕು. ಅದಕ್ಕೆ ಲಾಸ್ ಮತ್ತು ಪಾರ್ಸನ್ಸ್ ಮಾಡಿದ್ದನ್ನು ಓದಿ ನಾನು ಒಬ್ಬನೇ ನಕ್ಕೆ. ಅಗಲ ತಟ್ಟೆಯಲ್ಲಿ ನಯವಾದ ಹಿಟ್ಟು ಹರಡಿ, ಮಳೆಯಲ್ಲಿ ಒಂದೆರಡು ಕ್ಷಣ ಹಿಡಿಯೋದು. ಪ್ರತಿ ಹನಿಯೂ ಹಿಟ್ಟಿನಲ್ಲಿ ಒಂದೊಂದು ಉಂಡೆ ಆಗುತ್ತೆ. ಒಣಗಿಸಿ, ಜರಡಿ ಹಿಡಿದು, ತೂಗೋದು. ಈ ಉಪಾಯ ಅವರದ್ದೂ ಅಲ್ಲ, ಹಿಮದ ಹರಳಿನ ಫೋಟೋ ತೆಗೆದು ಹೆಸರಾಗಿದ್ದ ಬೆಂಟ್ಲಿ ಎಂಬ ರೈತ 1904ರಲ್ಲೇ ಮಾಡಿದ್ದ. 1943ರಲ್ಲಿ ಲಾಸ್ ಮತ್ತು ಪಾರ್ಸನ್ಸ್ ಪ್ರಕಟಿಸಿದ ಕೋಷ್ಟಕದಿಂದ, ಮಳೆ ಎಷ್ಟು ಜೋರಾಗಿದ್ದರೆ ಹನಿ ಎಷ್ಟು ದಪ್ಪ ಅಂತ ತಿಳಿಯಿತು. ಹನಿಯ ದಪ್ಪ ಗೊತ್ತಾದರೆ ವೇಗ, ವೇಗ ಗೊತ್ತಾದರೆ ಶಕ್ತಿ. ಅಡುಗೆಮನೆಯ ಹಿಟ್ಟಿನಿಂದ ಮಳೆಯ ಎನರ್ಜಿ.

ಈಗ ಕಥೆಯ ನಿಜವಾದ ನಾಯಕ ಬರ್ತಾನೆ. ಅವನು ಕೃಷಿ ವಿಜ್ಞಾನಿಯಲ್ಲ, ಸ್ಟ್ಯಾಟಿಸ್ಟಿಕ್ಸ್‌ನವನು. ವಾಲ್ಟರ್ ವಿಶ್‌ಮೈಯರ್.

1954ರ ಹೊತ್ತಿಗೆ ದೇಶದ ತುಂಬ ಹತ್ತಾರು ಕೇಂದ್ರಗಳಲ್ಲಿ ಇಪ್ಪತ್ತೈದು ವರ್ಷದಿಂದ ಜನ ಕೆಸರು ತೂಗುತ್ತಾ ಕೂತಿದ್ದರು. ಎಲ್ಲರ ಹತ್ತಿರವೂ ನೋಟ್‌ಬುಕ್ಕುಗಳಿದ್ದವು. ಒಬ್ಬರದ್ದಕ್ಕೂ ಇನ್ನೊಬ್ಬರದ್ದಕ್ಕೂ ತಾಳೆ ಇಲ್ಲ. ಒಬ್ಬರ ಪಟ್ಟಿ ಉದ್ದ, ಇನ್ನೊಬ್ಬರದ್ದು ಗಿಡ್ಡ. ಒಂದರ ಇಳಿಜಾರು ಶೇ. 4, ಇನ್ನೊಂದರದ್ದು ಶೇ. 16. ಇಳಿಜಾರು ಮತ್ತು ಅದರ ಉದ್ದಕ್ಕೆ ಸೂತ್ರ ಕೊಟ್ಟಿದ್ದ ಝಿಂಗ್ (1940), ಬೆಳೆ ಮತ್ತು ಒಡ್ಡನ್ನು ಸೇರಿಸಿದ್ದ ಡ್ವೈಟ್ ಸ್ಮಿತ್ (1941), ಮಳೆಯನ್ನು ಸೇರಿಸಿದ್ದ ಮಸ್‌ಗ್ರೇವ್ (1947), ಇವರ ಸೂತ್ರಗಳೆಲ್ಲಾ ಆಯಾ ಸೀಮೆಗಷ್ಟೇ. ಆ ವರ್ಷ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಒಂದು ರಾಷ್ಟ್ರೀಯ ಡೇಟಾ ಕೇಂದ್ರ ತೆರೆದು, ಅದನ್ನು ವಿಶ್‌ಮೈಯರ್ ಕೈಗೆ ಕೊಟ್ಟರು. ಅವನು ಮಾಡಿದ ಮೊದಲ ಕೆಲಸ: ಎಲ್ಲಾ ನೋಟ್‌ಬುಕ್ಕುಗಳನ್ನೂ ಪಂಚ್ ಕಾರ್ಡಿಗೆ ಹಾಕಿಸಿದ್ದು. ಕೊನೆಗೆ 49 ಜಾಗಗಳಿಂದ ಹತ್ತು ಸಾವಿರಕ್ಕೂ ಹೆಚ್ಚು ಪ್ಲಾಟ್-ವರ್ಷಗಳ ಡೇಟಾ ಸೇರಿತು. ಅಂದರೆ ಒಂದು ಪಟ್ಟಿ, ಒಂದು ವರ್ಷ. ಅಂಥವು ಹತ್ತು ಸಾವಿರ.

ಲೆಗಸಿ ಡೇಟಾ ಮೈಗ್ರೇಶನ್ ಮಾಡಿದವರಿಗೆ ಇದು ಎಂಥ ನರಕ ಅಂತ ಗೊತ್ತಿರುತ್ತೆ. ನಾನು ಮೂರು ಟೇಬಲ್ ಸೇರಿಸೋಕೆ ಮೂರು ಸ್ಪ್ರಿಂಟ್ ತಗೊಂಡವನು.

ಅವನ ಜಾಣತನ ಇದ್ದದ್ದು ಅದನ್ನು ಸಮ ಮಾಡಿದ ರೀತಿಯಲ್ಲಿ. ಒಂದು ಮಾದರಿ ಪಟ್ಟಿ ಅಂತ ಇಟ್ಟುಕೊಳ್ಳೋಣ: 72.6 ಅಡಿ ಉದ್ದ, ಶೇ. 9 ಇಳಿಜಾರು, ಏನೂ ಬೆಳೆಯದೆ ಮೇಲಿಂದ ಕೆಳಕ್ಕೆ ಉತ್ತು ಬಿಟ್ಟ ನೆಲ. ಉಳಿದ ಎಲ್ಲವನ್ನೂ ಇದರ ಎಷ್ಟು ಪಟ್ಟು ಅಂತ ಹೇಳೋಣ. ಈ 72.6 ಯಾಕೆ? ಆರಡಿ ಅಗಲದ ಪಟ್ಟಿ 72.6 ಅಡಿ ಉದ್ದ ಇದ್ದರೆ ಅದು ಸರಿಯಾಗಿ ಎಕರೆಯ ನೂರರಲ್ಲೊಂದು ಭಾಗ, ಲೆಕ್ಕ ಹಾಕೋಕೆ ಸುಲಭ! ಇವತ್ತು ಇಥಿಯೋಪಿಯಾದಲ್ಲೋ ಚೀನಾದಲ್ಲೋ ಯಾರೋ ಉಪಗ್ರಹದ ಚಿತ್ರ ಇಟ್ಟುಕೊಂಡು ಮಣ್ಣಿನ ಸವಕಳಿಯ ನಕ್ಷೆ ಮಾಡಿದರೂ ಅವರ ಕೋಡಿನಲ್ಲಿ 22.13 ಮೀಟರ್ ಅಂತ ಒಂದು ಸಂಖ್ಯೆ ಇರುತ್ತೆ. ಅದು ಇದೇ 72.6 ಅಡಿ.

ಮಳೆಯ ವಿಷಯದಲ್ಲಿ ಅವನು ಕಂಡುಕೊಂಡದ್ದು ಇನ್ನೂ ಚೆನ್ನಾಗಿದೆ. ಎಷ್ಟು ಮಳೆ ಬಿತ್ತು ಅನ್ನೋದಕ್ಕೂ ಎಷ್ಟು ಮಣ್ಣು ಹೋಯ್ತು ಅನ್ನೋದಕ್ಕೂ ಅಷ್ಟಾಗಿ ಸಂಬಂಧ ಸಿಗಲಿಲ್ಲ. ಮಳೆಯ ಒಟ್ಟು ಶಕ್ತಿಯನ್ನು ಅದರ ಅತಿ ಜೋರಾದ ಮೂವತ್ತು ನಿಮಿಷದ ರಭಸದಿಂದ ಗುಣಿಸಿದರೆ ಮಾತ್ರ ತಾಳೆಯಾಯ್ತು. 1958ರಲ್ಲಿ ಸ್ಮಿತ್ ಜೊತೆ ಸೇರಿ ಅದನ್ನು ಪ್ರಕಟಿಸಿದ. ಇಡೀ ದಿನ ಜಿನುಗುವ ಮಳೆ ಬೇರೆ, ಅರ್ಧ ತಾಸು ಹೊಡೆದು ಹೋಗುವ ಮಳೆ ಬೇರೆ. ಇದನ್ನು ನಮ್ಮಜ್ಜನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ರೋಣಿ ಮಳೆ ಅಂದರೆ ಅವರಿಗೆ ಖುಷಿಯೂ ಹೌದು, ಹೆದರಿಕೆಯೂ ಹೌದು. ಆಗ ಹೊಲ ಹರಗಿ ಬೆತ್ತಲೆ ಬಿದ್ದಿರುತ್ತೆ. ಅದೇ ರಭಸದ ಮಳೆ ಉತ್ತರಿಯಲ್ಲಿ ಬಂದರೆ ಪೈರು ಮೊಣಕಾಲು ದಾಟಿರುತ್ತೆ, ಹನಿ ನೆಲಕ್ಕೆ ನೇರ ತಾಗೋದಿಲ್ಲ. ಸೂತ್ರದಲ್ಲೂ ಬೆಳೆಯ ಅಂಶವನ್ನು ಒಂದೇ ಸಂಖ್ಯೆ ಅಂತ ಇಟ್ಟಿಲ್ಲ. ಉತ್ತಾಗ ಎಷ್ಟು, ಬಿತ್ತಾಗ ಎಷ್ಟು, ಪೈರು ಮುಚ್ಚಿದಾಗ ಎಷ್ಟು ಅಂತ ಹಂತ ಹಂತವಾಗಿ ತೂಕ ಹಾಕಿ ಸರಾಸರಿ ತೆಗೆಯುತ್ತಾರೆ. ರೋಣಿ, ಮಿರಗ, ಅಡ್ಡಮಳೆ, ಉತ್ತರಿ ಅಂತ ನಾವು ಮಾಡಿಕೊಂಡ ಹಾಗೇ.

1965ರಲ್ಲಿ ಇದೆಲ್ಲಾ ಸೇರಿ ಅಮೆರಿಕದ ಕೃಷಿ ಇಲಾಖೆಯ ಕೈಪಿಡಿಯಾಗಿ ಬಂತು. 1978ರಲ್ಲಿ ಪರಿಷ್ಕರಿಸಿದ ಆವೃತ್ತಿ. ಹೆಸರು ಯೂನಿವರ್ಸಲ್ ಸಾಯಿಲ್ ಲಾಸ್ ಈಕ್ವೇಶನ್. ಐದು ಸಂಗತಿಗಳ ಗುಣಾಕಾರ: ಮಳೆಯ ಹೊಡೆತ, ಮಣ್ಣಿನ ಗುಣ, ಇಳಿಜಾರು ಮತ್ತದರ ಉದ್ದ, ಬೆಳೆ, ಒಡ್ಡು ಮತ್ತು ಉಳುಮೆಯ ರೀತಿ. ಎಲ್ಲವನ್ನೂ ಗುಣಿಸಿದರೆ ವರ್ಷಕ್ಕೆ ಇಷ್ಟು ಟನ್. 'ಯೂನಿವರ್ಸಲ್' ಅಂದಿದ್ದು ಹಿಂದಿನ ಸೀಮೆವಾರು ಸೂತ್ರಗಳಿಂದ ಬೇರೆ ಅಂತ ಹೇಳೋಕೆ. ಜಗತ್ತಿನಲ್ಲೆಲ್ಲಾ ಕಣ್ಮುಚ್ಚಿ ಹಾಕಿ ಅಂತಲ್ಲ. ಆದರೆ ಜನ ಹಾಗೇ ಹಾಕಿದರು. 1976ರಲ್ಲಿ ವಿಶ್‌ಮೈಯರ್ ತನ್ನ ಸೂತ್ರದ ಬಳಕೆ ಮತ್ತು ದುರ್ಬಳಕೆಯ ಬಗ್ಗೆಯೇ ಒಂದು ಲೇಖನ ಬರೆಯಬೇಕಾಯ್ತು. ಇದು ಬಹುವರ್ಷದ ಸರಾಸರಿ, ಒಂದು ಮಳೆಯ ಲೆಕ್ಕವಲ್ಲ. ಕೊರಕಲನ್ನು ಇದು ಲೆಕ್ಕಕ್ಕೆ ತಗೊಳ್ಳೋದಿಲ್ಲ. ಮುಖ್ಯವಾಗಿ, ಇಳಿಜಾರಿನಿಂದ ಕಿತ್ತ ಮಣ್ಣಿನ ಲೆಕ್ಕವೇ ಹೊರತು ಹೊಳೆಗೆ ಸೇರಿದ ಮಣ್ಣಿನ ಲೆಕ್ಕವಲ್ಲ. ಎಪಿಐ ಬರೆದವನೇ ಬಂದು ಡಾಕ್ಯುಮೆಂಟೇಶನ್ ಓದ್ರಪ್ಪಾ ಅಂತ ಗೋಗರೆದ ಹಾಗೆ.

ಹೊಲದಿಂದ ಹೊಳೆಗೆ ಎಷ್ಟು ಅನ್ನೋದೇ ಬೇರೆ ಸಮಸ್ಯೆ. ಕಿತ್ತ ಮಣ್ಣಿನಲ್ಲಿ ಬಹಳಷ್ಟು ದಾರಿಯಲ್ಲೇ ಉಳಿಯುತ್ತೆ: ಹೊಲದ ಕೆಳಮೂಲೆಯಲ್ಲಿ, ಒಡ್ಡಿನ ಮಗ್ಗುಲಲ್ಲಿ, ಕೆರೆಯಲ್ಲಿ. ಟೆಕ್ಸಾಸ್‌ನಲ್ಲಿ ಜಿಮ್ಮಿ ವಿಲಿಯಮ್ಸ್ 1975ರಲ್ಲಿ ಮಳೆಯ ಶಕ್ತಿಯ ಜಾಗದಲ್ಲಿ ಹರಿದ ನೀರಿನ ಪ್ರಮಾಣ ಮತ್ತು ಗರಿಷ್ಠ ರಭಸವನ್ನು ಹಾಕಿ, ಒಂದೊಂದು ಮಳೆಗೆ ಜಲಾನಯನದಿಂದ ಎಷ್ಟು ಹೂಳು ಹೊರಬರುತ್ತೆ ಅಂತ ಲೆಕ್ಕ ಮಾಡುವ ಹಾಗೆ ತಿದ್ದಿದರು. ಇವತ್ತು ಜಗತ್ತಿನಾದ್ಯಂತ ಬಳಸುವ ಸ್ವ್ಯಾಟ್ ಎಂಬ ಸಾಫ್ಟ್‌ವೇರ್‌ನ ಹೊಟ್ಟೆಯಲ್ಲಿರೋದು ಅದೇ.

ನಮ್ಮ ಕಡೆಗೆ ಬರೋಣ.

ನಮ್ಮ ಜಿಲ್ಲೆ ಆಗ ಧಾರವಾಡದ ಭಾಗ, ಧಾರವಾಡ ಮುಂಬೈ ಪ್ರಾಂತ್ಯದ ಭಾಗ. ಬರಗಾಲಕ್ಕೆ ಹೆಸರಾದ ವಿಜಯಪುರವೂ ಅದರಲ್ಲೇ. 1942ರಲ್ಲಿ ಮುಂಬೈ ಸರ್ಕಾರ ಭೂ ಸುಧಾರಣಾ ಯೋಜನೆಗಳ ಕಾಯ್ದೆ ತಂದಿತು. ಅದರಡಿ ಹೊಲದ ಗಡಿ ಯಾರದ್ದೇ ಇರಲಿ, ನೆಲದ ಮಟ್ಟ ನೋಡಿಕೊಂಡು ಸಾಲಾಗಿ ಒಡ್ಡು ಹಾಕೋದು. ನಮ್ಮಜ್ಜ ಅದನ್ನು 'ಸರ್ಕಾರದ ಒಡ್ಡು' ಅಂತಲೇ ಕರೀತಿದ್ದರು. ಹೊಲ ಕಳಕೊಂಡವರ ಹಾಗೆ ಸ್ವಲ್ಪ ಸಿಟ್ಟಿನಿಂದಲೇ.

1953ರಲ್ಲಿ ತುಂಗಭದ್ರಾ ಡ್ಯಾಮಿನಲ್ಲಿ ನೀರು ನಿಂತಿತು. ಮರುವರ್ಷ, 1954ರಲ್ಲಿ, ಪಕ್ಕದ ಬಳ್ಳಾರಿಯಲ್ಲಿ ಮಣ್ಣು ಸಂರಕ್ಷಣಾ ಸಂಶೋಧನಾ ಕೇಂದ್ರ ಶುರುವಾಯ್ತು. ವಿಶ್‌ಮೈಯರ್ ಪರ್ಡ್ಯೂನಲ್ಲಿ ಕೂತ ವರ್ಷವೇ. ಅಲ್ಲಿಯ ಕೆಲಸ ದಖ್ಖನಿನ ಎರೆ ನೆಲದ ಮೇಲೆ. 1967ರಲ್ಲಿ ಅದು ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಕೆಳಗೆ ಬಂತು, ಈಗಲೂ ಇದೆ. ನಾನು ಚಿಕ್ಕವನಿದ್ದಾಗಿನಿಂದ ಬಳ್ಳಾರಿ ಅಂದರೆ ಗಣಿ ಅಂತ ಮಾತ್ರ ಕೇಳಿದ್ದು.

ಅಮೆರಿಕದ ಸೂತ್ರವನ್ನು ಇಲ್ಲಿ ಹಾಕಬೇಕಾದರೆ ಮಳೆಯ ರಭಸ ಬರೆಯುವ ಯಂತ್ರ ಎಲ್ಲಾ ಊರಲ್ಲೂ ಇರಬೇಕಲ್ಲ? ಇರಲಿಲ್ಲ. ಡೆಹ್ರಾಡೂನ್‌ನ ಸಂಸ್ಥೆಯ ರಾಮ್‌ಬಾಬು ಮತ್ತು ಸಂಗಡಿಗರು ಯಂತ್ರ ಇದ್ದ ಕೇಂದ್ರಗಳ ದಾಖಲೆ ತೆಗೆದು, ವರ್ಷದ ಒಟ್ಟು ಮಳೆಯಿಂದಲೇ ಅದರ ಹೊಡೆತವನ್ನು ಅಂದಾಜು ಮಾಡುವ ಒಂದು ಸರಳ ರೇಖೆ ಕೊಟ್ಟರು: ಮಿಲಿಮೀಟರಿನಲ್ಲಿ ವರ್ಷದ ಮಳೆಯನ್ನು 0.363ರಿಂದ ಗುಣಿಸಿ 79 ಕೂಡಿಸಿ. ವಿಶ್‌ಮೈಯರ್ ಒಟ್ಟು ಮಳೆ ಸಾಲದು ಅಂದಿದ್ದನಲ್ಲ ಅಂತ ನೀವು ಕೇಳಬಹುದು. ಸರಿಯೇ. ಒಂದೊಂದು ಮಳೆಗೆ ಸಾಲದು. ವರ್ಷಗಳ ಸರಾಸರಿಗೆ, ಬೇರೆ ಏನೂ ಇಲ್ಲದಿರುವಾಗ, ನಡೆಯುತ್ತೆ. 1983ರಲ್ಲಿ ಧ್ರುವ ನಾರಾಯಣ ಮತ್ತು ರಾಮ್‌ಬಾಬು ದೇಶಕ್ಕೇ ಲೆಕ್ಕ ಹಾಕಿದರು. ವರ್ಷಕ್ಕೆ 533.4 ಕೋಟಿ ಟನ್, ಅಂದರೆ ಹೆಕ್ಟೇರಿಗೆ ಸರಾಸರಿ 16.35 ಟನ್. ಅದರಲ್ಲಿ ಶೇ. 29 ಸಮುದ್ರಕ್ಕೆ, ಶೇ. 10 ಜಲಾಶಯಗಳಿಗೆ, ಉಳಿದದ್ದು ಒಂದು ಕಡೆಯಿಂದ ಇನ್ನೊಂದು ಕಡೆಗೆ. ನಲವತ್ತು ವರ್ಷ ಆದರೂ ಸರ್ಕಾರಿ ವರದಿಗಳಲ್ಲಿ ಈ ಸಂಖ್ಯೆ ಇನ್ನೂ ಓಡಾಡುತ್ತಲೇ ಇದೆ.

ಇನ್ನು ನಮ್ಮ ಹೊಲ. ಒಂದು ಶನಿವಾರ ಕೂತು ಸ್ಪ್ರೆಡ್‌ಶೀಟ್ ತೆರೆದೆ. ಮಳೆ ವರ್ಷಕ್ಕೆ ಸುಮಾರು 700 ಮಿ.ಮೀ. ಅಂತ ಹಿಡಿದರೆ ಹೊಡೆತ 333. ಎರೆ ಮಣ್ಣಿಗೆ 0.25 ಅಂತ ಹಾಕಿದೆ. ಇಳಿಜಾರು ಶೇ. 3, ದಾರಿಯಿಂದ ಹಳ್ಳಕ್ಕೆ 120 ಮೀಟರ್. ಗೋವಿನಜೋಳಕ್ಕೆ 0.5. ಮಣ್ಣು, ಬೆಳೆ ಎರಡೂ ನನ್ನ ಅಂದಾಜು. ಯಾರಾದರೂ ವಿಜ್ಞಾನಿ ಓದಿದರೆ ಮುಖ ಕಿವುಚಬಹುದು. ಒಡ್ಡು ಇಲ್ಲದೆ, ಟ್ರ್ಯಾಕ್ಟರ್ ದಾರಿಯಿಂದ ಹಳ್ಳಕ್ಕೆ ನೇರ ಓಡಿಸಿದರೆ ಹೆಕ್ಟೇರಿಗೆ 18 ಟನ್. ಒಡ್ಡು ನಡುವೆ ಇದ್ದು, ಇಳಿಜಾರಿಗೆ ಅಡ್ಡವಾಗಿ ಉತ್ತರೆ ಸುಮಾರು 9 ಟನ್. ಅಮೆರಿಕದವರು ತಾಳಿಕೊಳ್ಳಬಹುದಾದ ಮಿತಿ ಅಂತ ಇಟ್ಟಿರೋದು ಹೆಚ್ಚೆಂದರೆ ಹೆಕ್ಟೇರಿಗೆ 11 ಟನ್ ಚಿಲ್ಲರೆ. ಒಡ್ಡು ನಮ್ಮನ್ನು ಆ ಗೆರೆಯ ಈಚೆ ಹಿಡಿದಿದೆ ಅಂತಾಯ್ತು.

18 ಟನ್ ಅಂದರೆ ಭಾರಿ ಅನಿಸುತ್ತೆ. ಇಡೀ ಹೊಲದ ಮೇಲೆ ಹರಡಿದರೆ ಒಂದೂವರೆ ಮಿಲಿಮೀಟರ್ ಕೂಡ ಇಲ್ಲ. ಒಂದು ಜೋಳದ ಕಾಳಿನ ದಪ್ಪ ಹೋಗೋಕೆ ಎರಡು ವರ್ಷ. ಬೆನೆಟ್ ವರ್ಜೀನಿಯಾದಲ್ಲಿ ಕಂಡದ್ದು ಇದನ್ನೇ. ಹೀಗಾಗಿ ಯಾರ ಕಣ್ಣಿಗೂ ಬೀಳೋದಿಲ್ಲ, ನಮ್ಮಣ್ಣನ ಕಣ್ಣಿಗೂ.

ಈ ಸಂಖ್ಯೆ ಬರೀ ಕಾಗದದ್ದೋ ಹೇಗೆ ಅಂತ ಅನುಮಾನ ಬಂದು, ಕೆಳಗಿನಿಂದಲೂ ಒಂದು ಲೆಕ್ಕ ಮಾಡಿದೆ. ತುಂಗಭದ್ರಾ ಜಲಾಶಯ ಕಟ್ಟಿದಾಗ ಸುಮಾರು 132.5 ಟಿಎಂಸಿ ಹಿಡಿಯುತ್ತಿತ್ತು. 2016ರ ಸರ್ವೇ ಪ್ರಕಾರ 105.8. ಹೋದ 26.7 ಟಿಎಂಸಿ ಜಾಗವನ್ನು 63 ವರ್ಷಕ್ಕೆ, ಡ್ಯಾಮಿನ ಮೇಲಿನ 28,000 ಚದರ ಕಿ.ಮೀ. ಜಲಾನಯನಕ್ಕೆ ಹಂಚಿದರೆ, ಹೆಕ್ಟೇರಿಗೆ ವರ್ಷಕ್ಕೆ ಸುಮಾರು 4.3 ಘನ ಮೀಟರ್ ಹೂಳು. ಅಂದಾಜು 5 ಟನ್. ಇದರಲ್ಲಿ ಮಲೆನಾಡಿನ ಕಾಡೂ ಸೇರಿದೆ, ದಾರಿಯಲ್ಲಿ ಕೆರೆಗಳಲ್ಲಿ ಉಳಿದದ್ದು ಸೇರಿಲ್ಲ. ಹೊಲದಲ್ಲಿ 9ರಿಂದ 18 ಕಿತ್ತು, ಡ್ಯಾಮಿಗೆ 5 ಸೇರುತ್ತೆ ಅಂದರೆ ಎರಡು ಲೆಕ್ಕಗಳೂ ಒಂದಕ್ಕೊಂದು ಜಗಳ ಆಡ್ತಿಲ್ಲ. ಅಂದಹಾಗೆ 2008ರ ಸರ್ವೇ ಇನ್ನೂ ಕಡಿಮೆ, 100.9 ಟಿಎಂಸಿ, ಅಂತ ಹೇಳಿತ್ತು. ಎಂಟು ವರ್ಷದಲ್ಲಿ ಹೂಳೇನೂ ವಾಪಸ್ ಹೋಗಲಿಲ್ಲ, ಅಳತೆ ಬದಲಾಯ್ತು. ಹೂಳು ಅಳೆಯೋದು ಅಷ್ಟು ಕಷ್ಟ.

ಆ 27 ಟಿಎಂಸಿ ನೀರಿಲ್ಲ ಅಂತ ಕೊಪ್ಪಳ, ರಾಯಚೂರು, ಬಳ್ಳಾರಿಯ ಕಾಲುವೆ ಕೊನೆಯ ರೈತರು ವರ್ಷ ವರ್ಷ ಬೀದಿಗಿಳೀತಾರೆ. ಆ ನೀರನ್ನು ಹಿಡಿಯೋಕೆ ನವಲಿ ಹತ್ತಿರ ಇನ್ನೊಂದು ಜಲಾಶಯ ಕಟ್ಟುವ ಪ್ರಸ್ತಾವ ಬಹಳ ದಿನದಿಂದ ಇದೆ. ಗಂಗಾವತಿಯ ನನ್ನ ರೂಮ್‌ಮೇಟ್ ಒಬ್ಬ ಇದ್ದ. ಎರಡನೇ ಬೆಳೆಗೆ ನೀರು ಬಿಡಲಿಲ್ಲ ಅಂತ ಅವನ ಅಪ್ಪ ಫೋನಿನಲ್ಲಿ ಬೇಸರ ಮಾಡಿಕೊಂಡಾಗೆಲ್ಲಾ ನಾನು ಪಕ್ಕದಲ್ಲಿ ಕೂತು ಸಮಾಧಾನ ಹೇಳಿದ್ದೇನೆ. ನಮ್ಮ ಹಳ್ಳದ ಮಣ್ಣೂ ಅಲ್ಲೇ ಹೋಗಿ ಕೂತಿರಬಹುದು ಅಂತ ಆಗ ಹೊಳೆದಿರಲಿಲ್ಲ.

ಅಣ್ಣನಿಗೆ ಫೋನ್ ಮಾಡಿ ಟನ್, ಹೆಕ್ಟೇರು ಅಂತ ಶುರು ಮಾಡಿದೆ. "ಕನ್ನಡದಾಗ ಹೇಳು" ಅಂದ. ಸರಿ, ಟ್ರೇಲರ್ ಲೆಕ್ಕದಲ್ಲಿ ಹೇಳಿದೆ. ಒಂದು ಟ್ರೇಲರಿಗೆ ಮೂರು ಟನ್ ಹಿಡಿದರೆ, ಒಡ್ಡು ಇದ್ದಾಗ ನಾಲ್ಕೆಕರೆಯಿಂದ ವರ್ಷಕ್ಕೆ ಐದು ಟ್ರೇಲರ್, ಕೆಡವಿದರೆ ಹತ್ತು. ಅಣ್ಣ ಸ್ವಲ್ಪ ಹೊತ್ತು ಸುಮ್ಮನಾದ. ಯಾಕಂದರೆ ಪ್ರತಿ ಬೇಸಿಗೆ ಊರ ಕೆರೆಯ ಹೂಳನ್ನು ಟ್ರೇಲರಿಗೆ ಇಷ್ಟು ಅಂತ ದುಡ್ಡು ಕೊಟ್ಟು ಮೇಲಿನ ಮಸಾರಿ ಹೊಲಕ್ಕೆ ಹೊಡೆಸೋನು ಅವನೇ.

"ಅದು ಖರೆ. ಆದ್ರ ನೀರು ನಿಂತು ಬೆಳಿ ಕೊಳಿತೈತೆಲ್ಲ, ಅದಕ್ಕೇನ್ ಮಾಡ್ಲಿ?"

ಇದಕ್ಕೆ ನನ್ನ ಸೂತ್ರದಲ್ಲಿ ಉತ್ತರ ಇರಲಿಲ್ಲ. ಉತ್ತರ ಇದ್ದದ್ದು ಬಳ್ಳಾರಿಯ ಕೆಲಸದಲ್ಲಿ. ಆಳವಾದ ಎರೆ ನೆಲದಲ್ಲಿ ಸಮಮಟ್ಟದ ಒಡ್ಡು ಸೋತಿದೆ ಅಂತ ಬಹಳ ಹಿಂದೆಯೇ ಗೊತ್ತಾಗಿತ್ತು. ಮಸಾರಿ ಮಣ್ಣು ನೀರು ಕುಡಿಯುತ್ತೆ. ಎರೆ ನೆನೆದ ಮೇಲೆ ಕುಡಿಯೋದೇ ಇಲ್ಲ. ಒಡ್ಡಿನ ಹಿಂದೆ ನೀರು ನಿಲ್ಲುತ್ತೆ, ಬೆಳೆ ಕೊಳೆಯುತ್ತೆ. ಬೇಸಿಗೆಯಲ್ಲಿ ಒಡ್ಡೇ ಬಿರುಕು ಬಿಟ್ಟು, ಮುಂದಿನ ದೊಡ್ಡ ಮಳೆಗೆ ಒಡೆದು, ಅಲ್ಲೊಂದು ಕೊರಕಲು ಹುಟ್ಟುತ್ತೆ. ಅದಕ್ಕೇ ಎರೆ ಭೂಮಿಗೆ ಸ್ವಲ್ಪ ಇಳಿಜಾರು ಕೊಟ್ಟ ಒಡ್ಡು ಹಾಕಿ, ಒಂದು ತುದಿಯಲ್ಲಿ ಹುಲ್ಲು ಬೆಳೆಸಿದ ಕಾಲುವೆಗೆ ನೀರನ್ನು ನಿಧಾನಕ್ಕೆ ಬಿಡಿ ಅಂತ ಅವರು ಹೇಳಿದ್ದು. ನಮ್ಮಜ್ಜನ ಸಿಟ್ಟಿಗೂ, ಅಣ್ಣನ ದೂರಿಗೂ ಕಾರಣ ಇತ್ತು. ಒಡ್ಡು ಹಾಕಿದ್ದು ತಪ್ಪಲ್ಲ, ಎರೆಗೆ ಮಸಾರಿಯ ಒಡ್ಡು ಹಾಕಿದ್ದು ತಪ್ಪು.

ಜೆಸಿಬಿ ಬಂತು. ಕೆಡವಲಿಲ್ಲ. ನೀರು ತುಂಬಿದ ಪೈಪಿನಿಂದ ಮಟ್ಟ ನೋಡಿ, ಬಡಗಣ ತುದಿಯ ಕಡೆಗೆ ಒಡ್ಡಿನ ಮೇಲ್ಮಗ್ಗುಲ ನೆಲಕ್ಕೆ ಸ್ವಲ್ಪ ಇಳಿಜಾರು ಕೊಟ್ಟು, ಅಲ್ಲಿ ಕಲ್ಲು ಹಾಸಿ ಕೋಡಿ ಮಾಡಿದರು. ಕೋಡಿಯಿಂದ ಹಳ್ಳದವರೆಗೆ ಕರಕಿ ಹಚ್ಚಿದರು. ಅದೊಂದು ನಮ್ಮಲ್ಲಿ ಕೊರತೆಯಿಲ್ಲ. ಖರ್ಚಿನಲ್ಲಿ ಅರ್ಧ ನಾನು ಕೊಟ್ಟೆ. ಟ್ರ್ಯಾಕ್ಟರ್ ಈಗಲೂ ಎರಡು ಸಲ ತಿರುಗುತ್ತೆ, ಅದರ ಬಗ್ಗೆ ಅಣ್ಣ ಈಗಲೂ ಗೊಣಗ್ತಾನೆ.

ನಾನು ಸೂತ್ರವನ್ನು ಪೂರ್ತಿ ನಂಬಿದವನಲ್ಲ. ಅದಕ್ಕೇ ಹೊಲದ ನಾಲ್ಕು ಕಡೆ ಮೊಳದುದ್ದದ ಕಬ್ಬಿಣದ ಸರಳು ಹುಗಿದು, ನೆಲದ ಮಟ್ಟಕ್ಕೆ ಬಣ್ಣ ಬಳಿದು ಬಂದಿದ್ದೆ. ವರ್ಷವಾದ ಮೇಲೆ ಗೆರೆಯ ಕೆಳಗೆ ಎಷ್ಟು ಸರಳು ಕಾಣುತ್ತೆ ಅಂತ ಅಳೆದರೆ ಹೋದ ಮಣ್ಣು ಗೊತ್ತಾಗುತ್ತೆ. ದೀಪಾವಳಿಗೆ ಟೇಪು ಹಿಡಿದುಕೊಂಡೇ ಊರಿಗೆ ಹೋದೆ. ಎರಡು ಸರಳು ಸಿಕ್ಕವು. ಗೆರೆ ನೆಲದಿಂದ ಮೇಲೆ ಬಂದಿದೆಯೋ ಇಲ್ಲವೋ ಅಂತ ಹೇಳೋದೇ ಕಷ್ಟವಾಗಿತ್ತು. ಮೂರನೆಯದನ್ನು ಯಾರೋ ದನ ಕಟ್ಟೋಕೆ ಕಿತ್ತುಕೊಂಡು ಹೋಗಿದ್ದರು. ನಾಲ್ಕನೆಯದನ್ನು ಅಣ್ಣ ಕಟ್ಟೆ ಮೇಲೆ ಇಟ್ಟಿದ್ದ, ಬಿಲ್ಲಿನ ಹಾಗೆ ಬಾಗಿತ್ತು.

"ನಿನ್ನ ಸರಳು ಕುಂಟಿಗೆ ಸಿಕ್ಕು ಹಲ್ಲು ಮುರೀತು" ಅಂದ. "ಮುಂದಿನ ಸಲ ಹುಗಿಯೂ ಮುಂದ ಒಂದು ಕೆಂಪು ಅರಿವಿ ಕಟ್ಟು."